ಎರವಲು ಬೆವರು

ಒಬ್ಬರು ಬೆವರು ಸುರಿಸಿದರೆ ಇನ್ನೊಬ್ಬರ ಮೈ ಗಟ್ಟಿಯಾಗುವ ಕಾಲ ಬಂದಾಗ, ಅದನ್ನು ಮೊದಲು ಅನುಮಾನದಿಂದ ನೋಡಿದವರು ಶಿವಪುತ್ರಪ್ಪ ಅಸೂಟಿ ಮಾಸ್ತರರು. ಅನುಮಾನ ಅವರಿಗೆ ಹೊಸದೇನಲ್ಲ. ಗದಗಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಪಿ.ಟಿ. ಮಾಸ್ತರರಾಗಿದ್ದವರು. ಐದು ಸುತ್ತು ಓಡಿ ಬನ್ನಿ ಎಂದರೆ ಮೂರೇ ಸುತ್ತು ಓಡಿ ಏದುಸಿರು ನಟಿಸುವವರನ್ನು ಹಿಡಿದು ಹಿಡಿದು, ಕಣ್ಣೆದುರು ನಡೆದದ್ದನ್ನೂ ಎರಡೆರಡು ಸಲ ಪರೀಕ್ಷಿಸುವ ಚಾಳಿ ಅವರಿಗೆ ಅಂಟಿಕೊಂಡಿತ್ತು. ತಮ್ಮ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಮೇಲೂ ಇವರು ‘ಎಲ್ಲಾರೂ ಹಾಕಿದ್ರೇನು’ ಎಂದು ಕೇಳಿದ್ದರೆಂದು ಹೆಂಡತಿ ಕಸ್ತೂರವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಈ ಸಲ ಮಾತ್ರ ಅನುಮಾನ ಹುಟ್ಟಿದ್ದು ಅವರ ಮೈಯ ಮೇಲೆಯೇ.

ಹುಬ್ಬಳ್ಳಿಯ ಹೃದಯ ಪುನಶ್ಚೇತನ ಕೇಂದ್ರದ ನೆಲಮಹಡಿಯಲ್ಲಿ ಒಂದು ತಣ್ಣನೆಯ ಕೋಣೆಯಿದೆ. ಗೋಡೆ ತುಂಬ ಪರದೆಗಳು, ಒಂದೊಂದರಲ್ಲಿ ಒಬ್ಬೊಬ್ಬ ರೋಗಿಯ ಮೈಯ ಚಿತ್ರ. ಎಲುಬು ಬಿಳಿ, ಕೊಬ್ಬು ಹಳದಿ, ಸ್ನಾಯು ಕೆಂಪು. ರೋಗಿಗಳ ಕಸುವು ಅಳೆಯುವ ಡಾಕ್ಟರ್ ಫರ್ಹಾನಾ ಮುಲ್ಲಾ ಅಲ್ಲಿ ಮಾಸ್ತರರ ನಾಲ್ಕನೆಯ ತಿಂಗಳ ಚಿತ್ರವನ್ನು ಮೊದಲ ತಿಂಗಳ ಚಿತ್ರದ ಪಕ್ಕದಲ್ಲಿಟ್ಟು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಡಾಕ್ಟರು ಕನ್ನಡಕ ಒರೆಸಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂಬುದು ಮಾಸ್ತರರಿಗೆ ಇಷ್ಟು ದಿನದಲ್ಲಿ ತಿಳಿದುಹೋಗಿತ್ತು.

“ಸರ್, ಕೈಯಿಂದ ಏನರ ಭಾರೀ ಕೆಲಸಾ ಮಾಡಾಕತ್ತೀರೇನು?” ಎಂದು ಅವರು ಕೇಳಿದರು.

ಮಾಸ್ತರರು ಇಲ್ಲವೆಂದರು. ಊಟದ ತಾಟು ಎತ್ತಿಡುವುದಕ್ಕೂ ಕಸ್ತೂರವ್ವ ಬಿಡುತ್ತಿರಲಿಲ್ಲ. ಡಾಕ್ಟರು ಪರದೆಯತ್ತ ಬೆರಳು ತೋರಿಸಿದರು. ಬಲಗೈ ಮತ್ತು ಭುಜದಲ್ಲಿ ಸ್ನಾಯು ಇನ್ನೂರೆಂಬತ್ತು ಗ್ರಾಂ ಹೆಚ್ಚಾಗಿತ್ತು, ಎಡಗೈಯಲ್ಲಿ ನೂರಾ ಹತ್ತು. ತೊಡೆಗಳಲ್ಲಿ ಏನೂ ಇಲ್ಲವೆನ್ನುವಷ್ಟು ಕಡಿಮೆ.

ಇದರಲ್ಲೇನು ವಿಚಿತ್ರ ಎಂಬುದು ತಿಳಿಯಬೇಕಾದರೆ ಒಂದಿಷ್ಟು ಹಿಂದಿನದನ್ನು ಹೇಳಬೇಕು. ಒಂದೂವರೆ ವರ್ಷದ ಹಿಂದೆ ಮಾಸ್ತರರ ಕೆಟ್ಟುಹೋದ ಹೃದಯವನ್ನು ತೆಗೆದು, ಅಪಘಾತದಲ್ಲಿ ತೀರಿಕೊಂಡ ಯಾರದೋ ಹೃದಯವನ್ನು ಕೂಡಿಸಿದ್ದರು. ಜೀವ ಉಳಿಯಿತು, ಕಸುವು ಬರಲಿಲ್ಲ. ಹೃದಯ ಕೂಡಿಸುವಾಗ ರಕ್ತನಾಳಗಳನ್ನು ಹೊಲಿಯಬಹುದು, ಆದರೆ ಮಿದುಳಿನಿಂದ ಬರುವ ನರಗಳನ್ನು ಹೊಲಿಯಲಾಗದು. ಹೀಗಾಗಿ ಮೆಟ್ಟಿಲು ಹತ್ತತೊಡಗಿದರೂ ಹೊಸ ಹೃದಯಕ್ಕೆ ಸುದ್ದಿಯೇ ಮುಟ್ಟದೆ ಅದು ತನ್ನ ಪಾಡಿಗೆ ಇರುತ್ತದೆ. ರಕ್ತದ ಮೂಲಕ ಸುದ್ದಿ ಬಂದು ಅದು ಎಚ್ಚೆತ್ತು ಓಡತೊಡಗಲು ಐದಾರು ನಿಮಿಷ ಬೇಕು, ಅಷ್ಟರಲ್ಲಿ ಮನುಷ್ಯ ಮೆಟ್ಟಿಲ ಮೇಲೆ ಕುಕ್ಕರಿಸಿರುತ್ತಾನೆ. ಜೊತೆಗೆ, ಪರರ ಹೃದಯವನ್ನು ಮೈ ಒಪ್ಪಿಕೊಳ್ಳಲೆಂದು ನುಂಗುವ ಸ್ಟೀರಾಯ್ಡ್ ಗುಳಿಗೆಗಳು ಸ್ನಾಯುವನ್ನು ಕರಗಿಸಿ ಹೊಟ್ಟೆಯ ಸುತ್ತ ಕೊಬ್ಬು ಪೇರಿಸುತ್ತವೆ. ಕೋಲಿನಂತೆ ನೆಟ್ಟಗಿದ್ದ ಮಾಸ್ತರರಿಗೆ ತೆಳುಗಾಲು, ದೊಡ್ಡ ಹೊಟ್ಟೆ ಬಂದಿದ್ದವು. ಕನ್ನಡಿಯ ಮುಂದೆ ನಿಲ್ಲಲು ಅವರಿಗೆ ನಾಚಿಕೆಯಾಗುತ್ತಿತ್ತು.

ಇಂಥವರಿಗಾಗಿಯೇ ‘ಜೋಡಿ ಚಿಕಿತ್ಸೆ’ ಬಂದಿತ್ತು. ದುಡಿಯುವ ಸ್ನಾಯು ರಕ್ತದೊಳಗೆ ನೂರಾರು ಬಗೆಯ ಸಂದೇಶಗಳನ್ನು ಬಿಡುತ್ತದೆ: ಕೆಲಸ ಬಿದ್ದಿದೆ, ಬೆಳೆಯಬೇಕು ಎಂದು. ರಕ್ತ ಹೊಂದುವ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ದಿನವೂ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ, ತೋಳಿಗೆ ಕಟ್ಟಿದ ಒಂದು ಪಟ್ಟಿ ಆ ಸಂದೇಶಗಳನ್ನು ಮಾತ್ರ ಸೋಸಿ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯಲ್ಲಿ ತುಂಬಿಕೊಳ್ಳುತ್ತಿತ್ತು. ಎದೆಬಡಿತ ಸಾಕಷ್ಟು ಏರಿದಾಗ ಪಟ್ಟಿಯ ಮೇಲೆ ಹಸಿರು ದೀಪ ಹತ್ತಿ, ಡಬ್ಬಿಯೊಳಗೆ ಜೇನಿನ ಬಣ್ಣ ಇಳಿಯುತ್ತಿತ್ತು. ಅದನ್ನು ರೋಗಿ ತನ್ನ ಹೊಟ್ಟೆಯ ಮೇಲಿನ ಪಟ್ಟಿಗೆ ಸಿಕ್ಕಿಸಿಕೊಂಡರೆ ಮುಗಿಯಿತು. ನಡೆದವರು ಅವರು, ನಡೆದೆನೆಂದು ನಂಬುವುದು ಇವನ ಮೈ. ತೊಡೆಯ ಸಂದೇಶ ತೊಡೆಗೇ ತಟ್ಟುತ್ತದೆ, ತೋಳಿನದು ತೋಳಿಗೇ. ಈ ಮಾತನ್ನು ಡಾಕ್ಟರ್ ಮುಲ್ಲಾ ಅಂದು ಬಿಡಿಸಿ ಬಿಡಿಸಿ ಹೇಳಿದರು.

ಮಾಸ್ತರರ ಜೋಡಿ ಅವರ ತಂಗಿ ನೀಲವ್ವ. ಗಂಡ ತೀರಿಕೊಂಡ ಮೇಲೆ ಬೆಟಗೇರಿಯಲ್ಲಿ ಅಣ್ಣನ ಹಿಂದಿನ ಓಣಿಯಲ್ಲೇ ಮನೆ ಮಾಡಿಕೊಂಡು, ಖಾನಾವಳಿಗಳಿಗೂ ಮದುವೆಮನೆಗಳಿಗೂ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದವಳು. ರಕ್ತ ಹೊಂದಿದ್ದು ಅವಳದೊಂದೇ.

ಡಾಕ್ಟರು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ನಿಯಮ ಏನೆಂದು ಮಾತ್ರ ಹೇಳಿದರು. ಜೋಡಿಯ ವ್ಯಾಯಾಮವೆಂದರೆ ನಡಿಗೆ, ಸೈಕಲ್, ಈಜು, ಇಲ್ಲವೇ ಮೆಟ್ಟಿಲು, ಫಾರ್ಮಿನಲ್ಲಿ ಬರೆದಿರುವುದು ಅಷ್ಟೇ. ಬೇರೆ ಕೆಲಸದಿಂದ ಡಬ್ಬಿ ತುಂಬಿಸಿದ್ದೋ, ಪಟ್ಟಿಯನ್ನು ಬೇರೆ ಯಾರಾದರೂ ಕಟ್ಟಿಕೊಂಡದ್ದೋ ಗೊತ್ತಾದರೆ ಜೋಡಿ ರದ್ದಾಗಿ, ಆ ಜಾಗ ಸಾಲಿನಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಇನ್ನು ಎರಡು ತಿಂಗಳಿಗೆ ಸೈಕಲ್ ಪರೀಕ್ಷೆ. ಮೈತೂಕದ ಒಂದೊಂದು ಕಿಲೋಗೆ ನಿಮಿಷಕ್ಕೆ ಹದಿನೇಳು ಮಿಲಿಲೀಟರ್ ಆಮ್ಲಜನಕ ಬಳಸುವ ಕಸುವು ಬಂದಿದ್ದರೆ ಸ್ಟೀರಾಯ್ಡ್ ಅರ್ಧಕ್ಕಿಳಿಸುವ ಮುಂದಿನ ಹಂತ. ಬರದಿದ್ದರೆ ಇದ್ದಲ್ಲೇ ಇರಬೇಕು, ಅಂದರೆ ದಿನೇ ದಿನೇ ಕರಗಬೇಕು. ಮಾಸ್ತರರದು ಆಗ ಹದಿನಾಲ್ಕೂವರೆ ಇತ್ತು. ಮೆಟ್ಟಿಲ ಮೇಲೆ ಬಾಯಿ ತೆರೆದು ಕೂಡುವ ಆ ದಿನಗಳನ್ನು ನೆನೆದು ಅವರಿಗೆ ಭಯವಾಯಿತು.

ಬಸ್ಸಿನಲ್ಲಿ ಮರಳುವಾಗ ಅವರ ತಲೆಯಲ್ಲಿ ಒಂದೇ ಪ್ರಶ್ನೆ. ಇದು ಯಾರ ತೋಳು? ಅಂಗಿಯ ಬಲತೋಳು ಬಿಗಿಯಾಗುತ್ತಿದೆ ಎಂದು ಒಂದು ತಿಂಗಳಿಂದ ಅನ್ನಿಸಿತ್ತು, ಕಸ್ತೂರವ್ವ ಒಗೆದು ಚಿಕ್ಕದಾಗಿಸಿದ್ದಾಳೆಂದು ಬೈದೂ ಇದ್ದರು. ಈಗ ನೋಡಿದರೆ ಮುಂಗೈ ಯಾವುದೋ ಪೈಲವಾನನದು. ಕಂಡಕ್ಟರನ ಕೈ, ಮುಂದಿನ ಸೀಟಿನವನ ಕೈ, ಅಣ್ಣಿಗೇರಿಯಲ್ಲಿ ಹತ್ತಿದ ಹಮಾಲನ ಕೈ, ಎಲ್ಲವನ್ನೂ ಅವರು ಓರೆಗಣ್ಣಿನಿಂದ ಅಳೆದರು. ನೀಲವ್ವ ಪಟ್ಟಿಯನ್ನು ಯಾವನೋ ಬಡಿಗನಿಗೋ ಕಮ್ಮಾರನಿಗೋ ಕಟ್ಟಿ ತಾನು ಮನೆಯಲ್ಲಿ ಆರಾಮಾಗಿದ್ದಾಳೆ ಎಂಬುದು ಊರು ಮುಟ್ಟುವಷ್ಟರಲ್ಲಿ ಖಾತ್ರಿಯಾಗಿಬಿಟ್ಟಿತ್ತು.

ಕಸ್ತೂರವ್ವನಿಗೆ ಹೇಳಿದರೆ ಅವಳು ನಂಬಲಿಲ್ಲ. ನೀಲವ್ವ ಅಂಥವಳಲ್ಲ, ದಿನಾ ಮುಂಜಾನೆ ಎಂಟಕ್ಕೆ ರೊಟ್ಟಿಯ ಬುಟ್ಟಿಯ ಜೊತೆಗೆ ಡಬ್ಬಿಯನ್ನೂ ತಪ್ಪದೆ ಕಳಿಸುತ್ತಾಳೆ, ಅದರ ಬಣ್ಣವನ್ನು ನೀವೇ ನೋಡುತ್ತೀರಿ ಎಂದಳು. ಅದೇ ಅನುಮಾನದ ಮಾತು ಎಂದರು ಮಾಸ್ತರರು. ಐವತ್ತೊಂದು ವರ್ಷದ ಹೆಂಗಸು ನಾಲ್ಕು ತಿಂಗಳಲ್ಲಿ ಒಂದು ದಿನವೂ ರಜೆ ಹಾಕಿಲ್ಲವೆಂದರೆ ಅದರಲ್ಲೇನೋ ಇದೆ.

ಮರುದಿನ ಮುಂಜಾನೆ ಆರು ಗಂಟೆಗೆ, ಸೋಂಕು ತಾಗದಿರಲೆಂದು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಆಟೋ ಹಿಡಿದು ನಗರಸಭೆಯ ಮೈದಾನಕ್ಕೆ ಹೋದರು. ಆರರಿಂದ ಆರೂ ಮುಕ್ಕಾಲು, ಹತ್ತು ಸುತ್ತು. ಆ ವೇಳಾಪಟ್ಟಿಯನ್ನು ಅವರೇ ಬರೆದು ತಂಗಿಯ ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು. ಮೈದಾನದಲ್ಲಿ ನಡೆಯುವವರು ನಡೆಯುತ್ತಿದ್ದರು, ನಗುವ ಕೂಟದವರು ನಗುತ್ತಿದ್ದರು, ನೀಲವ್ವ ಇರಲಿಲ್ಲ. ಏಳರ ತನಕ ಕಾದು ಮನೆಗೆ ಬಂದರು. ಎಂಟಕ್ಕೆ ಡಬ್ಬಿ ಬಂತು. ಅಪ್ಪಟ ಜೇನಿನ ಬಣ್ಣ.

ಮಧ್ಯಾಹ್ನ ನೀಲವ್ವ ತಾನೇ ಬಂದಾಗ ಎಷ್ಟು ಸುತ್ತು ಹಾಕಿದೆ ಎಂದು ಕೇಳಿದರು. ಹತ್ತು ಎಂದಳು, ಮುಖ ನೋಡದೆ. ಸುಳ್ಳು ಹೇಳುವವರು ಯಾವತ್ತೂ ದುಂಡು ಸಂಖ್ಯೆಯನ್ನೇ ಹೇಳುತ್ತಾರೆ ಎಂಬುದು ಮಾಸ್ತರರ ಮೂವತ್ತೆರಡು ವರ್ಷದ ಅನುಭವ. ಕಳ್ಳಿಯನ್ನು ಹಿಡಿದ ಖುಷಿ ಒಂದು ಗಳಿಗೆ ಇತ್ತು. ಆಮೇಲೆ ಅದೂ ಹೋಯಿತು. ಬೇರೆ ಯಾರಾದರೂ ಮೋಸ ಮಾಡಿದ್ದರೆ ಸಹಿಸಬಹುದಿತ್ತು. ತನ್ನ ಉಸಿರಿನ ವಿಷಯದಲ್ಲಿ ಒಡಹುಟ್ಟಿದವಳೇ ಹೀಗೆ ಮಾಡುವುದೆಂದರೆ ಏನು?

ಅದರ ಮರುದಿನ ಮೈದಾನಕ್ಕೆ ಹೋಗಲಿಲ್ಲ. ಆರೂಕಾಲಿಗೆ ನೆಟ್ಟಗೆ ಹಿಂದಿನ ಓಣಿಗೆ ನಡೆದರು. ನೀಲವ್ವನ ಮನೆ ಇನ್ನೂ ನಾಲ್ಕು ಮನೆ ಆಚೆಗಿರುವಾಗಲೇ ಶಬ್ದ ಕೇಳತೊಡಗಿತು. ತಪತಪ ತಪತಪ, ಒಂದೇ ಲಯದಲ್ಲಿ, ಬಿಡುವಿಲ್ಲದೆ. ಬಾಗಿಲು ತೆರೆದೇ ಇತ್ತು.

ನೀಲವ್ವ ಮಣೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ಎರಡು ಒಲೆ, ಎರಡು ಹೆಂಚು. ಒಂದರ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಇನ್ನೊಂದನ್ನು ಮಗುಚಿ, ಅಷ್ಟರಲ್ಲಿ ಮುಂದಿನ ಉಂಡೆಗೆ ಕೈ. ಪಕ್ಕದ ಬುಟ್ಟಿಯಲ್ಲಿ ಎಂಬತ್ತೋ ತೊಂಬತ್ತೋ ರೊಟ್ಟಿ ಆಗಲೇ ಪೇರಿಸಿದ್ದವು. ಬೆನ್ನಿಗೆ ರವಿಕೆ ಅಂಟಿಕೊಂಡಿತ್ತು. ತೋಳಿಗೆ ಕಟ್ಟಿದ ಪಟ್ಟಿಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಮಾಸ್ತರರು ತಂಗಿಯ ಬಲಗೈಯನ್ನು ನೋಡಿದರು, ಆಮೇಲೆ ತಮ್ಮದನ್ನು. ಎರಡೂ ಒಂದೇ ಅಚ್ಚು.

ಅವಳು ಹೆದರಿ ಏಳಹೋದಳು, ಹೆಂಚಿನ ಮೇಲಿನದು ಸೀಯುತ್ತದೆಂದು ಮತ್ತೆ ಕುಳಿತಳು. ಕೈ ನಿಲ್ಲಿಸದೆಯೇ ಎಲ್ಲವನ್ನೂ ಹೇಳಿದಳು. ಮೊದಲ ದಿನ ಮೈದಾನಕ್ಕೆ ಹೋಗಿದ್ದಳಂತೆ. ಎಷ್ಟು ನಡೆದರೂ ಹಸಿರು ಹತ್ತಲಿಲ್ಲ. ಹೊತ್ತಾಯಿತೆಂದು ಓಡಿ ಬಂದು, ಪಟ್ಟಿ ಬಿಚ್ಚುವುದನ್ನು ಮರೆತು ರೊಟ್ಟಿಗೆ ಕುಳಿತಳು. ಹತ್ತೇ ನಿಮಿಷದಲ್ಲಿ ಹಸಿರು ಹತ್ತಿ, ನೋಡನೋಡುತ್ತ ಡಬ್ಬಿ ತುಂಬಿತು. ಯಂತ್ರಕ್ಕೆ ಬೇಕಾದದ್ದು ಬೆವರು, ಅದು ತನ್ನಲ್ಲಿ ದಿನವೂ ಹರಿಯುತ್ತಿದೆ, ಇನ್ನು ಮೈದಾನವೇಕೆ ಎಂದುಕೊಂಡಳು.

“ನನಗ ಹೇಳಬೇಕಿತ್ತಲ್ಲ ನೀಲಾ,” ಎಂದರು ಮಾಸ್ತರರು. ದನಿ ಏರಿಸಬೇಕೆಂದಿದ್ದರು, ಅದು ಏರಲಿಲ್ಲ.

“ಏನಂತ ಹೇಳ್ಲಣ್ಣ? ಏಳೂವರಿಗೆ ನಾಕು ಖಾನಾವಳಿಯವರು ಬಾಗಲದಾಗ ನಿಂತಿರ್ತಾರ. ನೀ ಆರು ಗಂಟೆ ಅಂತ ಗ್ವಾಡಿಗೆ ಹಚ್ಚಿ ಹ್ವಾದಿ. ನಿನಗ ಯಾವಾಗ ಪುರಸತ್ತೈತಿ ಅಂತ ಒಬ್ಬರೂ ನನ್ನ ಕೇಳಲಿಲ್ಲ.”

ಗೋಡೆಯ ಮೇಲೆ ಅವರ ದುಂಡನೆಯ ಅಕ್ಷರದ ವೇಳಾಪಟ್ಟಿ ಇನ್ನೂ ಇತ್ತು, ಹಬೆಗೆ ಮೂಲೆ ಸುರುಳಿಗಟ್ಟಿತ್ತು. ಮಾಸ್ತರರಿಗೆ ಅದನ್ನು ನೋಡಲಾಗಲಿಲ್ಲ. ಜೀವನದಲ್ಲಿ ಎಂದೂ ಆಗದಷ್ಟು ನಾಚಿಕೆಯಾಯಿತು.

ಆದರೆ ನಾಚಿಕೆಯಿಂದ ತೊಡೆ ಬೆಳೆಯುವುದಿಲ್ಲ. ಹುಬ್ಬಳ್ಳಿಗೆ ನಿಜ ಹೇಳಿದರೆ ಜೋಡಿ ರದ್ದಾಗುತ್ತದೆ, ಯಾಕೆಂದರೆ ಫಾರ್ಮಿನಲ್ಲಿ ರೊಟ್ಟಿ ಬಡಿಯುವುದಕ್ಕೆ ಜಾಗವಿಲ್ಲ. ಹೇಳದಿದ್ದರೆ ಸೈಕಲ್ ತುಳಿಯುವುದಕ್ಕೆ ಕಾಲಿಲ್ಲ. ಕಡೆಗೆ ಕಸ್ತೂರವ್ವನನ್ನೂ ಕೂಡಿಸಿಕೊಂಡು ಮೂವರೂ ಕುಳಿತು ಒಂದು ತೀರ್ಮಾನಕ್ಕೆ ಬಂದರು. ಬೆಳಗಿನ ರೊಟ್ಟಿಗಳಲ್ಲಿ ಒಂದಿಷ್ಟನ್ನು ಮಾಸ್ತರರು ಬಡಿಯುವುದು, ಕೈಯಂತೂ ತಯಾರಾಗಿದೆ. ಅದರಿಂದ ನೀಲವ್ವನ ಇಡೀ ದಿನದ ಕೆಲಸ ಒಂದು ತಾಸು ಮೊದಲೇ ಮುಗಿದು, ಸಂಜೆ ಐದಕ್ಕೆ ಅವಳು ಮೈದಾನದಲ್ಲಿ ನಡೆಯುವುದು. ಈ ಸಲ ಹೊತ್ತು ಗೊತ್ತು ಮಾಡಿದವಳು ನೀಲವ್ವ.

ಮಾಸ್ಕ್ ಕಟ್ಟಿಕೊಂಡು ಮಣೆಯ ಮುಂದೆ ಕುಳಿತ ಮಾಸ್ತರರನ್ನು ನೋಡಿ ಕಸ್ತೂರವ್ವ ಸೆರಗು ಬಾಯಿಗಿಟ್ಟುಕೊಂಡಳು. ಮೊದಲ ದಿನದ ರೊಟ್ಟಿಗಳು ಒಂದೊಂದು ಒಂದೊಂದು ದೇಶದ ನಕಾಶೆಯಾಗಿದ್ದವು. ಮೊದಲ ಹತ್ತು ರೊಟ್ಟಿ ಮುಗಿಯುವ ತನಕ ಕಣ್ಣಿಗೆ ಕತ್ತಲು ಕವಿಯುತ್ತಿತ್ತು, ಎದೆಯಲ್ಲಿ ಮಾತ್ರ ಗಡಿಬಿಡಿಯೇ ಇರಲಿಲ್ಲ. ಮೆಲ್ಲಗೆ ಬಡಿಯುತ್ತ ಕಾದರೆ, ಹನ್ನೊಂದನೆಯದಕ್ಕೋ ಹನ್ನೆರಡನೆಯದಕ್ಕೋ ಹೃದಯಕ್ಕೆ ಸುದ್ದಿ ಮುಟ್ಟಿ ಅದು ಓಡಿಬರುತ್ತಿತ್ತು. ಆಮೇಲೆ ಉಸಿರು ಸಲೀಸು. ಕೆಲಸ ಮುಗಿಸಿ ಕೈ ತೊಳೆದ ಮೇಲೂ ಬಹಳ ಹೊತ್ತು ಅದು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಹೊಸ ಹೃದಯದ ಸ್ವಭಾವ ಅವರಿಗೆ ಅರ್ಥವಾದದ್ದು ತಂಗಿಯ ಒಲೆಯ ಮುಂದೆ.

ಮೊದಲೆರಡು ಸಂಜೆ ಅವಳು ಬಿರುಸಾಗಿ ನಡೆದಳು, ಡಬ್ಬಿ ಜೇನಿನ ಬಣ್ಣದ್ದೇ ಬಂತು. ಮೂರನೆಯ ಸಂಜೆ ಬಿಳಿ, ಒಳಗೆ ಏನೂ ಇಳಿದಿರಲಿಲ್ಲ. ನಾಲ್ಕನೆಯದೂ ಬಿಳಿ. ಪಟ್ಟಿ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದಳು ನೀಲವ್ವ. ವಾರ ಕಳೆಯುವಷ್ಟರಲ್ಲಿ ಡಾಕ್ಟರ್ ಮುಲ್ಲಾ ಫೋನು ಮಾಡಿದರು. ತಮ್ಮ ಪರದೆಯಲ್ಲಿ ನೀಲವ್ವನ ಎದೆಬಡಿತ ಆ ಮುಕ್ಕಾಲು ಗಂಟೆಯೂ ಅರವತ್ತೆಂಟನ್ನು ದಾಟುವುದೇ ಇಲ್ಲವೆಂದೂ, ಅವರಿಗೆ ಆರಾಮಿಲ್ಲವೇ ಎಂದೂ ಕೇಳಿದರು. ವಿಚಾರಿಸುತ್ತೇನೆ ಎಂದರು ಮಾಸ್ತರರು. ಮಲಗಿದ್ದ ಅನುಮಾನ ಮೈಮುರಿದು ಎದ್ದು ಕುಳಿತಿತು.

ಆಟೋದಲ್ಲಿ ಹೋದರೆ ಅವಳಿಗೆ ಸುಳಿವು ಸಿಗುತ್ತದೆ. ದೊಡ್ಡ ರಸ್ತೆಯಲ್ಲಿ ನಡೆದರೂ ಎದುರಾಗಬಹುದು. ಮಾಸ್ತರರು ಹಿಂದಿನ ಸಂದಿಗಳನ್ನು ಹಿಡಿದು, ನೇಕಾರರ ಓಣಿಯನ್ನು ಬಳಸಿ, ದಿಬ್ಬವೇರಿ, ಅವಳಿಗಿಂತ ಮೊದಲು ಮೈದಾನ ಮುಟ್ಟಬೇಕೆಂದು ಬಿರುಸಾಗಿ ನಡೆದರು. ಮೊದಲ ಐದು ನಿಮಿಷ ನಿಧಾನ, ಹೃದಯ ಎಚ್ಚೆತ್ತ ಮೇಲೆ ಜೋರು. ದಿಬ್ಬದ ಮೇಲೆ ಎರಡು ಸಲ ನಿಂತರು. ಕಡೆಗೆ ಮೈದಾನದ ಬೇವಿನ ಗಿಡದ ಹಿಂದೆ ಸೇರಿಕೊಂಡಾಗ ಕಾಲು ನಡುಗುತ್ತಿದ್ದವು.

ನೀಲವ್ವ ಬಂದಳು. ಕಲ್ಲಿನ ಮೆಟ್ಟಿಲ ಮೇಲೆ ಕುಳಿತಳು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಎದುರಿಗಿದ್ದ ಏನನ್ನೂ ನೋಡದೆ ಸುಮ್ಮನೆ ಕುಳಿತಳು. ಫೋನಿಲ್ಲ, ಮಾತಿಲ್ಲ, ನಿದ್ದೆಯೂ ಇಲ್ಲ.

ಗಿಡದ ಹಿಂದಿನಿಂದ ಹೊರಗೆ ಬಂದು ಗದರಬೇಕೆಂದು ಮಾಸ್ತರರು ಒಂದು ಹೆಜ್ಜೆ ಇಟ್ಟರು. ಅವಳು ಹಾಗೆ ಕುಳಿತ ಒಂದೊಂದು ನಿಮಿಷವೂ ತಮ್ಮ ಉಸಿರಿನಿಂದ ಹೋಗುತ್ತಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಂಗಿ ಹೀಗೆ ಬರಿಗೈಯಲ್ಲಿ ಕುಳಿತದ್ದನ್ನು ಕಡೆಯ ಸಲ ನೋಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಹೋದರು, ನೆನಪಾಗಲಿಲ್ಲ. ಅವಳ ಮದುವೆಯ ಹಸೆಮಣೆಯ ಮೇಲಿರಬೇಕು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ನಾಳೆ ಕೇಳಿದರಾಯಿತು ಎಂದುಕೊಂಡರು.

ನಾಳೆಯೂ ಕೇಳಲಿಲ್ಲ. ಹಾಗೆಂದು ಹೋಗುವುದನ್ನು ಬಿಟ್ಟರೆಂದಲ್ಲ. ಇವತ್ತಾದರೂ ನಡೆಯುತ್ತಾಳೋ ನೋಡೋಣ, ಯಾರಾದರೂ ಬಂದು ಕಿವಿಯೂದುತ್ತಾರೋ ನೋಡೋಣ, ತಾನು ಬಂದ ದಿನ ಕುಳಿತು ಬಾರದ ದಿನ ನಡೆಯುತ್ತಾಳೋ ಏನೋ ಎಂದು ದಿನಕ್ಕೊಂದು ಹೊಸ ಅನುಮಾನ ಹುಟ್ಟಿಸಿಕೊಂಡು ಐದು ವಾರ ಒಂದು ಸಂಜೆಯೂ ತಪ್ಪಿಸದೆ ಸಂದಿಗಳ ದಾರಿ ಸವೆಸಿದರು. ವಾಯುವಿಹಾರವೆಂದು ಕಸ್ತೂರವ್ವನಿಗೆ ಹೇಳಿದರು. ಅವಳು ನಂಬಲಿಲ್ಲ, ಕೆದಕಲೂ ಇಲ್ಲ. ಬಿಳಿ ಡಬ್ಬಿಗಳು ಫ್ರಿಜ್ಜಿನಲ್ಲಿ ಸಾಲಾಗಿ ಕುಳಿತವು. ಡಾಕ್ಟರು ಮತ್ತೆ ಫೋನು ಮಾಡಿದಾಗ ಮಾಸ್ತರರು, ತಂಗಿ ಮೈದಾನಕ್ಕೆ ತಪ್ಪದೆ ಹೋಗುತ್ತಾಳೆ, ಕಣ್ಣಾರೆ ನೋಡಿದ್ದೇನೆ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪರೀಕ್ಷೆಯ ದಿನ ರೋಗಿ ಮತ್ತು ಜೋಡಿ ಇಬ್ಬರೂ ಹಾಜರಿರಬೇಕು. ಇಬ್ಬರೂ ಹುಬ್ಬಳ್ಳಿಗೆ ಹೋದರು. ಮೂಗು ಬಾಯಿ ಮುಚ್ಚುವ ನಳಿಗೆ ಹಾಕಿಕೊಂಡು ಮಾಸ್ತರರು ಸೈಕಲ್ ಏರಿದರು. ಅವಸರ ಮಾಡಲಿಲ್ಲ. ಹತ್ತು ರೊಟ್ಟಿಯಷ್ಟು ಹೊತ್ತು ಮೆಲ್ಲಗೆ ತುಳಿದರು, ಹೃದಯ ಬಂದು ಸೇರಿಕೊಂಡ ಮೇಲೆ ಜೋರು ಮಾಡಿದರು. ಇಳಿಯುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ.

ಒಂದು ತಾಸಿನ ಮೇಲೆ ಇಬ್ಬರನ್ನೂ ಸಮಿತಿಯ ಕೋಣೆಗೆ ಕರೆದರು. ಮೇಜಿನ ಆಚೆ ಮೂವರು ಡಾಕ್ಟರರು, ಪಕ್ಕದಲ್ಲಿ ಫರ್ಹಾನಾ ಮುಲ್ಲಾ. ಅವರು ಆಗಲೇ ಕನ್ನಡಕ ಒರೆಸುತ್ತಿದ್ದರು. ಅಧ್ಯಕ್ಷರು ಬಿಳಿಗೂದಲಿನವರು, ಮಾತು ಮೆತ್ತಗೆ, ಕಣ್ಣು ಮೆತ್ತಗಿರಲಿಲ್ಲ. ಆಮ್ಲಜನಕದ ಅಂಕಿ ಹದಿನೇಳೂ ಕಾಲು ಎಂದರು. ಆದರೆ ಯಾರ ಮುಖದಲ್ಲೂ ನಗುವಿರಲಿಲ್ಲ.

ಹೊಟ್ಟೆಯ ಕೊಬ್ಬು ಒಂದೂವರೆ ಕಿಲೋ ಇಳಿದಿತ್ತು, ತೊಡೆಗಳಲ್ಲಿ ಮುನ್ನೂರ ಎಪ್ಪತ್ತು ಗ್ರಾಂ ಸ್ನಾಯು ಏರಿತ್ತು. ಜೋಡಿಯ ವ್ಯಾಯಾಮವೋ, ಐದು ವಾರಕ್ಕೂ ಮೇಲಿಂದ ಸೊನ್ನೆ. ಅಧ್ಯಕ್ಷರು ಕಾಗದ ಕೆಳಗಿಟ್ಟು, ಇದು ಯಾರ ಬೆವರು ಎಂದು ಕೇಳಿದರು. ಹಿಂದೊಬ್ಬರು ಇದೇ ರೀತಿ ಕೂಲಿ ಓಟಗಾರರನ್ನು ಇಟ್ಟು ಸಿಕ್ಕಿಬಿದ್ದಿದ್ದರಂತೆ. ಮೂರನೆಯವರ ಹೆಸರು ಹೇಳಿಬಿಡಿ, ನಿಮ್ಮ ವಯಸ್ಸಿಗೆ ನಾವೂ ಮರ್ಯಾದೆ ಕೊಡುತ್ತೇವೆ ಎಂದರು.

“ನಂದರೀ,” ಎಂದರು ಮಾಸ್ತರರು. “ನಾನ ನಡದೇನಿ.”

ಎಲ್ಲಿ, ಯಾವಾಗ, ಎಷ್ಟು ಹೊತ್ತು, ಏತಕ್ಕೆ ಎಂದು ಒಂದರ ಹಿಂದೊಂದು ಪ್ರಶ್ನೆಗಳು ಬಂದವು. ಏತಕ್ಕೆ ಎಂಬುದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅವರು ಉತ್ತರ ಕೊಟ್ಟರು. ಏತಕ್ಕೆ ಎಂದು ಹೇಳಿದರೆ ತಂಗಿ ಕುಳಿತದ್ದನ್ನೂ ಹೇಳಬೇಕಾಗುತ್ತದೆ. ದಿನಾ ಸಂದಿಯಲ್ಲಿ ನಡೆದೆ ಎನ್ನುತ್ತೀರಿ, ಒಬ್ಬರೂ ನೋಡಿಲ್ಲವೇ ಎಂದರು ಅಧ್ಯಕ್ಷರು. ಯಾರೂ ನೋಡಬಾರದೆಂದೇ ನಡೆದದ್ದು ಎಂದು ಹೇಳುವುದು ಹೇಗೆ? ಎಷ್ಟೋ ವರ್ಷ ಎಷ್ಟೋ ಜನರನ್ನು ಎದುರಿಗೆ ನಿಲ್ಲಿಸಿಕೊಂಡು ಇದೇ ಪ್ರಶ್ನೆಗಳನ್ನು ಕೇಳಿದ್ದ ಮಾಸ್ತರರಿಗೆ, ನಿಜ ಹೇಳಿಯೂ ನಂಬಿಕೆ ಗಿಟ್ಟದವನ ಬಾಯಿ ಹೇಗೆ ಒಣಗುತ್ತದೆ ಎಂಬುದು ಅರವತ್ತರ ಹತ್ತಿರ ಬಂದು ತಿಳಿಯಿತು.

“ನಾ ನೋಡೇನ್ರೀ,” ಎಂದಳು ಪಕ್ಕದ ಕುರ್ಚಿಯಲ್ಲಿದ್ದ ನೀಲವ್ವ.

ಎಲ್ಲರೂ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ದಿನಾ ಐದಕ್ಕ ಬೇವಿನ ಗಿಡದ ಹಿಂದ ಬಂದು ನಿಂದರತಿದ್ದ. ಗಿಡ ಸಣ್ಣದರೀ, ಇವನ ಹೊಟ್ಟಿ ಹೊರಗ ಕಾಣತಿತ್ತು. ಬರಬರತಾ ಕಾಣೂದು ಕಮ್ಮಿ ಆತು. ನಾ ನಡ್ಯಾಕತ್ತೇನೋ ಇಲ್ಲೋ ಅಂತ ಕಾಯಾಕ ಬರತಿದ್ದ ಅಂವ. ನಾ ನಡದ್ರ ಖಾತ್ರಿ ಆಗಿ ಮನ್ಯಾಗ ಕೂಡತಿದ್ದ. ಅದಕ್ಕ ನಾ ಕೂತೆ.”

ಡಾಕ್ಟರ್ ಮುಲ್ಲಾ ಕನ್ನಡಕವನ್ನು ಮೂಗಿಗೇರಿಸಿ ಪರದೆಯ ಮೇಲೆ ಏನನ್ನೋ ಹುಡುಕಿದರು. ಮೊದಲ ನಾಲ್ಕು ತಿಂಗಳ ತೋಳಿನ ವಿಷಯವನ್ನೂ ಕೇಳಿದರು, ನೀಲವ್ವ ಅದನ್ನೂ ಮುಚ್ಚಿಡಲಿಲ್ಲ. ನೂರು ರೊಟ್ಟಿ ಬಡಿಯುವಾಗ ಎದೆಬಡಿತ ನೂರಾ ಮೂವತ್ತರ ಮೇಲಿರುವುದನ್ನು ಅವರೇ ಪರದೆಯಲ್ಲಿ ತೋರಿಸಿದರು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಎಂದು ಒಬ್ಬರು ಕೇಳಿದರು. ಕಾಲಮ್ಮು ಇಲ್ಲ ಎಂದು ಇನ್ನೊಬ್ಬರು ಹೇಳಿದರು.

ಕಡೆಗೆ ತೀರ್ಪು ಹೀಗಾಯಿತು. ನಿಯಮ ಮುರಿದದ್ದಕ್ಕೆ ಜೋಡಿ ರದ್ದು, ಆ ಜಾಗ ಸಾಲಿನಲ್ಲಿರುವ ಮುಂದಿನವರಿಗೆ. ಅಂಕಿ ಅಂಕಿಯೇ ಆದ್ದರಿಂದ ಸ್ಟೀರಾಯ್ಡ್ ಅರ್ಧಕ್ಕೆ. ಆದರೆ ಅಧ್ಯಕ್ಷರು ಪೂರ್ತಿ ನಂಬಲಿಲ್ಲ. ಒಂದು ತಿಂಗಳು ಮಾಸ್ತರರ ತೋಳಿಗೇ ಪಟ್ಟಿ ಕಟ್ಟಿ ನೋಡುವುದಾಗಿಯೂ, ಆ ಬೆವರು ಅವರದಲ್ಲವೆಂದು ಕಂಡರೆ ತೀರ್ಪು ಹಿಂದಕ್ಕೆ ಪಡೆಯುವುದಾಗಿಯೂ ಬರೆಸಿದರು. ಅವರ ಜಾಗದಲ್ಲಿದ್ದರೆ ತಾನೂ ಹಾಗೆಯೇ ಬರೆಸುತ್ತಿದ್ದೆ ಎಂದು ಮಾಸ್ತರರಿಗೆ ಅನ್ನಿಸಿತು.

ಸಂಜೆಯ ಬಸ್ಸಿನಲ್ಲಿ ಅಣ್ಣ ತಂಗಿ ಒಂದೇ ಸೀಟಿನಲ್ಲಿ ಕುಳಿತರು. ನೀಲವ್ವ ಕಿಟಕಿಯ ಕಡೆ. ತಂಗಿ ಕೋಣೆಯಲ್ಲಿ ಹೇಳಿದ ಮಾತು ನಿಜವೋ, ಅಥವಾ ಅಧ್ಯಕ್ಷರ ಮುಂದೆ ನಿಂತಾಗ ಆ ಗಳಿಗೆಗೆ ಹೊಳೆದದ್ದೋ ಎಂಬ ಹುಳ ಮಾಸ್ತರರ ತಲೆಯನ್ನು ಹುಬ್ಬಳ್ಳಿ ದಾಟುವ ಮೊದಲೇ ಹೊಕ್ಕಿತ್ತು. ಗಿಡದ ಹಿಂದೆ ತಾವಿರುವುದು ಅವಳಿಗೆ ಯಾವತ್ತಿನಿಂದ ಗೊತ್ತಿತ್ತು? ಮೂರನೆಯ ಸಂಜೆಯ ಬಿಳಿ ಡಬ್ಬಿ ಬಂದಾಗ ತಾವಿನ್ನೂ ಮೈದಾನಕ್ಕೆ ಹೋಗಿಯೇ ಇರಲಿಲ್ಲವಲ್ಲ. ಬಹಳ ಹೊತ್ತು ತಡೆದುಕೊಂಡರು. ಆಗಲಿಲ್ಲ.

“ಖರೇ ಹೇಳು ನೀಲಾ. ನಾ ಬರಲಿ ಅಂತನ ಕೂತಿದ್ದೇನು?”

ನೀಲವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹೊರಗೆ ಹೊಲಗಳು ಹಿಂದೆ ಹೋಗುತ್ತಿದ್ದವು.

“ಆಮ್ಯಾಲಿಂದು ನಿನಗಣ್ಣ,” ಎಂದಳು. “ಮೊದಲನೇ ವಾರದ್ದು ನಂದು. ಭಾಳ ದಣಿವಾಗಿತ್ತು. ಕುಂತೆ, ಏಳಾಕ ಮನಸ ಬರಲಿಲ್ಲ. ನಿನ್ನ ಉಸರು ಹೋಗತೈತಿ ಅಂತ ಗೊತ್ತಿತ್ತು. ಆದ್ರೂ ಏಳಲಿಲ್ಲ.”

ಮಾಸ್ತರರು ಅವಳ ಮುಖವನ್ನು ನೋಡಿದರು. ಹೇಳಿದ್ದನ್ನು ಪರೀಕ್ಷಿಸಿ ನೋಡಬೇಕೆಂದು ಈ ಸಲ ಅನ್ನಿಸಲಿಲ್ಲ. ಕಣ್ಣು ತುಂಬಿಬಂದವು, ಮಾಸ್ಕನ್ನು ಮೇಲಕ್ಕೆಳೆದುಕೊಂಡರು.

“ಈಗ ದಣಿವು ಹೋತೇನು?” ಎಂದು ಕೇಳಿದರು.

“ಇಲ್ಲ,” ಎಂದಳು ನೀಲವ್ವ.

“ಹಂಗಾರ ನಾಳೆ ಸಂಜೀಕೂ ಬಂದು ಕೂಡು. ನಾ ನಡೀತೀನಿ.”

ಅವಳು ಹ್ಞೂಂ ಎಂದಳು. ಎಷ್ಟು ಗಂಟೆಗೆ ಬರಲಿ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.